ಲಿಮಿಟೆಡ್ ಎಡಿಷನ್ ಕಾರು: ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವುದೇನು?

ಗಣೇಶ ಹಬ್ಬ ಹತ್ತಿರ ಬಂತೆಂದರೆ ಪುಣೆ, ಮುಂಬೈ ಶೋರೂಮ್‌ಗಳಲ್ಲಿ ಲಿಮಿಟೆಡ್ ಎಡಿಷನ್ ಕಾರುಗಳು ಎದುರಿಗೇ ಬಂದು ನಿಲ್ಲುತ್ತವೆ. ಪೂರ್ತಿ ಕಪ್ಪು ಬಣ್ಣ, ಕೆಂಪು ಹೊಲಿಗೆಯ ಸೀಟು, ಬಾಗಿಲ ಪಕ್ಕ ಒಂದು ಹೆಸರು, ಕೆಲವದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ನಂಬರ್ ಬರೆದ ಪುಟ್ಟ ಪಟ್ಟಿ. ಸೇಲ್ಸ್‌ನವರು ಹೇಳುವ ಮಾತೂ ಎಲ್ಲ ಕಡೆ ಒಂದೇ: "ಇದು ಕಡಿಮೆ ಗಾಡಿ ಬರೋದು ಸರ್, ರೀಸೇಲ್ ಚೆನ್ನಾಗಿರುತ್ತೆ." ಪಿಂಪ್ರಿ-ಚಿಂಚವಾಡದಲ್ಲಿ ನಮ್ಮ ಕನ್ನಡದವರು ನಾಲ್ಕು ಜನ ಸೇರಿದರೆ ಒಬ್ಬರಾದರೂ ಈ ಪ್ರಶ್ನೆ ಎತ್ತುತ್ತಾರೆ. "ಅಣ್ಣ, ಐವತ್ತು ಸಾವಿರ ಜಾಸ್ತಿ ಹೇಳ್ತಿದ್ದಾರೆ, ಮುಂದೆ ಮಾರುವಾಗ ಅದು ವಾಪಸ್ ಬರುತ್ತಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ ಈ ಹೆಸರಿನಲ್ಲಿ ಮಾರುವ ಹೆಚ್ಚಿನ ಕಾರುಗಳಲ್ಲಿ ಬರುವುದಿಲ್ಲ. ಕೆಲವೇ ಕೆಲವು ಕಾರುಗಳಲ್ಲಿ ಬರುತ್ತದೆ, ಆ ಕೆಲವನ್ನು ಗುರುತಿಸುವುದು ಅಂಥ ಕಷ್ಟದ ಕೆಲಸವೂ ಅಲ್ಲ. ಆದರೆ ಕಾರಿನ ಬೆಲೆ ನಿಂತಿತು ಅಂದಮಾತ್ರಕ್ಕೆ ಮಾಲೀಕನಿಗೆ ಹಣ ಉಳಿಯಿತು ಎಂದಾಗುವುದಿಲ್ಲ, ಅದನ್ನೂ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು, ಹಳೆಯ ಕಾರಿನ ಬೆಲೆ ಯಾವುದರ ಮೇಲೆ ನಿಲ್ಲುತ್ತದೆ ಅನ್ನುವುದು. ಎಷ್ಟು ಕಾರು ಇವೆ ಎಂಬುದು ಅರ್ಧ ಲೆಕ್ಕ ಅಷ್ಟೆ. ಅದು ಬೇಕೇ ಬೇಕು ಅನ್ನುವವರು ಎಷ್ಟು ಜನ, ಅವರಿಗೆ ಅದೇ ಖುಷಿ ಕೊಡುವ ಬೇರೆ ಕಾರು ಶೋರೂಮಿನಲ್ಲಿ ಸಿಗುತ್ತದೆಯೋ ಇಲ್ಲವೋ, ಉಳಿದರ್ಧ ಇದು. ನೂರು ಕಾರು ಮಾಡಿ ಅರವತ್ತು ಜನರಿಗೆ ಮಾತ್ರ ಬೇಕಾಗಿದ್ದರೆ ಬೆಲೆ ಬೀಳುತ್ತದೆ. ಸಾವಿರ ಮಾಡಿ ಐದು ಸಾವಿರ ಜನ ಕಾಯುತ್ತಿದ್ದರೆ ಏರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಜಾಗ್ವಾರ್ ಎಕ್ಸ್‌ಜೆ220 ಮತ್ತು ಫೆರಾರಿ ಎಫ್40 ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜಾಗ್ವಾರ್ ತನ್ನ ಕಾರನ್ನು 1988ರಲ್ಲಿ ಬರ್ಮಿಂಗ್‌ಹ್ಯಾಮ್ ಮೋಟಾರ್ ಶೋನಲ್ಲಿ ತೋರಿಸಿತು. ಆಗ ಅದರಲ್ಲಿದ್ದದ್ದು 12 ಸಿಲಿಂಡರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಹೆಚ್ಚೆಂದರೆ 350 ಕಾರು ಮಾಡುತ್ತೇವೆ ಎಂದರು. ಜನ 50,000 ಪೌಂಡ್ ಮುಂಗಡ ಕಟ್ಟಿ ಸಾಲು ನಿಂತರು, ಅದರಲ್ಲಿ ಎಷ್ಟೋ ಮಂದಿ ಕಾರು ಕೈಗೆ ಬಂದ ಕೂಡಲೇ ಲಾಭಕ್ಕೆ ಮಾರಿಬಿಡೋಣ ಅಂದುಕೊಂಡವರೇ. 1992ರಲ್ಲಿ ಕೈಗೆ ಬಂದ ಕಾರಿನಲ್ಲಿ ಇದ್ದದ್ದು 6 ಸಿಲಿಂಡರ್ ಟರ್ಬೊ ಎಂಜಿನ್, ಶಕ್ತಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ, ಬೆಲೆ ಮೊದಲು ಹೇಳಿದ್ದಕ್ಕಿಂತ ಬಹಳ ಜಾಸ್ತಿ, ಅದರ ಮೇಲೆ ಬ್ರಿಟನ್‌ನಲ್ಲಿ ಆರ್ಥಿಕ ಹಿಂಜರಿತ ಬೇರೆ. ಬುಕ್ ಮಾಡಿದ್ದವರಲ್ಲಿ ಕೆಲವರು ಒಪ್ಪಂದದಿಂದ ಬಿಡಿಸಿಕೊಳ್ಳಲು ಕೋರ್ಟಿಗೆ ಹೋದರು. ಕೊನೆಗೆ ತಯಾರಾದದ್ದು ಸುಮಾರು 280 ಕಾರು. ಹೇಳಿದ್ದಕ್ಕಿಂತಲೂ ಕಡಿಮೆ, ಅಂದರೆ ಇನ್ನೂ ಅಪರೂಪ ಅಲ್ವಾ? ಆದರೂ ವರ್ಷಗಟ್ಟಲೆ ಅದು ತನ್ನ ಮೂಲ ಬೆಲೆಗಿಂತ ಎಷ್ಟೋ ಕೆಳಗೆ ಕೈ ಬದಲಾಯಿಸಿತು.

ಫೆರಾರಿ ಮಾಡಿದ್ದು ಇದರ ತದ್ವಿರುದ್ಧ. 1987ರಲ್ಲಿ ಎಫ್40 ಬಂದಾಗ 400 ಮಾಡುವ ಯೋಚನೆ ಇತ್ತು. ಬೇಡಿಕೆ ಕಂಡು ಮಾಡುತ್ತಲೇ ಹೋದರು, ಕೊನೆಗೆ ಸಂಖ್ಯೆ 1,300 ದಾಟಿತು. ಕಂಪನಿಯ ಸ್ಥಾಪಕ ಎಂಜೊ ಫೆರಾರಿ 1988ರಲ್ಲಿ ತೀರಿಕೊಂಡರು, ಅವರು ಬದುಕಿದ್ದಾಗ ಒಪ್ಪಿಗೆ ಕೊಟ್ಟ ಕೊನೆಯ ಮಾದರಿ ಇದು. ತೊಂಬತ್ತರ ದಶಕದ ಆರಂಭದಲ್ಲಿ ಇದರ ಬೆಲೆಯೂ ಒಮ್ಮೆ ಕುಸಿಯಿತು, ಆದರೆ ಮತ್ತೆ ಎದ್ದು ಈಗ ಹತ್ತಾರು ಕೋಟಿಯ ಮಾತಾಗಿದೆ. 280 ಇದ್ದದ್ದು ಬಿದ್ದಿತು, 1,300 ಇದ್ದದ್ದು ಏರಿತು. ಜನರಿಗೆ ಬೇಕಾದದ್ದು ಆ ಕಾರಿನ ಒಳಗಿನ ವಿಷಯ, ಪಟ್ಟಿಯ ಮೇಲಿನ ನಂಬರ್ ಅದಕ್ಕೆ ಸೇರಿಕೊಂಡದ್ದು ಆಮೇಲೆ.

ಈಗ ನಮ್ಮ ಊರಿನ ಶೋರೂಮಿಗೆ ಬರೋಣ.

ನಮ್ಮಲ್ಲಿ ಹೆಚ್ಚಿನ ಎಡಿಷನ್‌ಗಳು ಅದೇ ಸೀರೆಗೆ ಬೇರೆ ಅಂಚು ಹಾಕಿದ ಹಾಗೆ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಸಸ್ಪೆನ್ಷನ್ ಅದೇ. ಬಣ್ಣ, ಸ್ಟಿಕ್ಕರ್, ಸೀಟ್ ಕವರ್, ಕಪ್ಪು ಅಲಾಯ್, ಮ್ಯಾಟ್ ಬೇರೆ. ಎಷ್ಟು ಕಾರು ಮಾಡುತ್ತೇವೆ ಎಂದು ಕಂಪನಿ ಎಷ್ಟೋ ಸಲ ಹೇಳುವುದೇ ಇಲ್ಲ, ಹಬ್ಬದ ಸೀಸನ್ ಮುಗಿಯುವ ತನಕ ಮಾಡುತ್ತದೆ ಅಷ್ಟೆ. ಚೆನ್ನಾಗಿ ಹೋದರೆ ಅದೇ ಕಾಯಂ ಆಗುತ್ತದೆ. ಟಾಟಾದ ಡಾರ್ಕ್ ಎಡಿಷನ್ 2019ರಲ್ಲಿ ಹ್ಯಾರಿಯರ್‌ನಿಂದ ಶುರುವಾಯಿತು, ಆಮೇಲೆ ನೆಕ್ಸಾನ್, ಆಲ್ಟ್ರೋಜ್, ಸಫಾರಿಗೂ ಬಂತು. ಕಾರು ಚಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದಿಗೊಂದು ಕಂಡಾಗ ಅಪರೂಪ ಎಂದು ಯಾರು ಜಾಸ್ತಿ ದುಡ್ಡು ಕೊಡುತ್ತಾರೆ?

ಹಳೆಯ ಕಾರಿಗೆ ಬೆಲೆ ಕಟ್ಟುವವರು ಏನು ನೋಡುತ್ತಾರೆ ಅಂತ ಗಮನಿಸಿ. ಮಾಡೆಲ್, ವೇರಿಯಂಟ್, ಪೆಟ್ರೋಲೋ ಡೀಸೆಲ್ಲೋ, ಮ್ಯಾನ್ಯುಅಲ್ಲೋ ಆಟೊಮ್ಯಾಟಿಕ್ಕೋ, ವರ್ಷ, ಕಿಲೋಮೀಟರ್, ಎಷ್ಟನೇ ಮಾಲೀಕ, ಆಕ್ಸಿಡೆಂಟ್ ಆಗಿದೆಯೇ, ಇನ್ಶೂರೆನ್ಸ್ ಇದೆಯೇ. ಎಡಿಷನ್ ಎಂಬ ಸಾಲು ಆ ಲೆಕ್ಕದಲ್ಲಿ ಬರುವುದೇ ಅಪರೂಪ. ನೀವು ಕೊಟ್ಟ ಐವತ್ತು ಸಾವಿರ ಅವರ ಕಣ್ಣಿಗೆ ಆಕ್ಸೆಸರಿ ಬಿಲ್, ಆಕ್ಸೆಸರಿಗೆ ಹಳೆಯ ಕಾರಿನಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಒಳ್ಳೆಯ ಬಣ್ಣ ಇದ್ದರೆ ಗಿರಾಕಿ ಬೇಗ ಸಿಗಬಹುದು, ಎರಡು ವಾರ ಕಾಯುವಲ್ಲಿ ನಾಲ್ಕು ದಿನಕ್ಕೆ ಹೋಗಬಹುದು. ಅದೂ ಒಂದು ಲಾಭವೇ, ಇಲ್ಲ ಅನ್ನುವುದಿಲ್ಲ. ಆದರೆ ಬೇಗ ಹೋಗುವುದು ಬೇರೆ, ಜಾಸ್ತಿಗೆ ಹೋಗುವುದು ಬೇರೆ.

ಇನ್ನೊಂದು ತೊಂದರೆ ಯಾರೂ ಮೊದಲೇ ಹೇಳುವುದಿಲ್ಲ. ಮುಂಬೈ ಟ್ರಾಫಿಕ್‌ನಲ್ಲಿ ಬಂಪರ್, ಬಾಗಿಲು ಒಮ್ಮೆಯಾದರೂ ಉಜ್ಜಿಸಿಕೊಳ್ಳುತ್ತವೆ. ಮೂರು ವರ್ಷದ ಮೇಲೆ ಬಾಗಿಲು ಬದಲಾಯಿಸಿದರೆ ಬಾಗಿಲು ಸಿಗುತ್ತದೆ, ಅದರ ಮೇಲಿನ ಆ ಎಡಿಷನ್ನಿನ ಸ್ಟಿಕ್ಕರ್ ಸಿಗುವುದಿಲ್ಲ, ಆ ಸ್ಪೆಷಲ್ ಬಣ್ಣ ಹಾಗೆಯೇ ಹೊಂದುವುದೂ ಕಷ್ಟ. ಒಂದು ಕಡೆ ಎಡಿಷನ್, ಇನ್ನೊಂದು ಕಡೆ ಮಾಮೂಲಿ ಕಾರು. ಅಂಥ ಕಾರಿಗೆ ಮಾಮೂಲಿ ಕಾರಿಗಿಂತಲೂ ಕಡಿಮೆ ಕೇಳುತ್ತಾರೆ, ಯಾಕೆಂದರೆ ಪೆಟ್ಟು ಬಿದ್ದಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಸಂಖ್ಯೆ ಮೊದಲೇ ಹೇಳಿದ ಎಡಿಷನ್‌ಗಳ ಕಥೆಯೂ ಒಂದೇ ತರ ಇಲ್ಲ. 2025ರ ಆಗಸ್ಟ್‌ನಲ್ಲಿ ಮಹೀಂದ್ರಾ ತನ್ನ ಎಲೆಕ್ಟ್ರಿಕ್ ಬಿಇ 6ರ ಬ್ಯಾಟ್‌ಮ್ಯಾನ್ ಎಡಿಷನ್ ತಂದಿತು, ಬೆಲೆ 27.79 ಲಕ್ಷ, ಅದರದೇ ಟಾಪ್ ವೇರಿಯಂಟಿಗಿಂತ 89,000 ರೂಪಾಯಿ ಮಾತ್ರ ಜಾಸ್ತಿ. ಮೊದಲು 300 ಕಾರು ಎಂದರು. ಕೇಳುವವರು ಜಾಸ್ತಿಯಾದಾಗ 999 ಮಾಡಿದರು, ಬುಕಿಂಗ್ ತೆರೆದ 135 ಸೆಕೆಂಡಿನಲ್ಲಿ ಎಲ್ಲವೂ ಖಾಲಿ. ಇದರಲ್ಲಿ ಎರಡು ವಿಷಯ ಇದೆ. ಬೇಡಿಕೆ ನಿಜವಾಗಿಯೂ ಇದೆ ಎಂಬುದು ಒಂದು. ಸಂಖ್ಯೆಯ ಬೀಗದ ಕೈ ಕಂಪನಿಯ ಹತ್ತಿರವೇ ಇರುತ್ತದೆ ಎಂಬುದು ಇನ್ನೊಂದು, 300 ಎಂದು ನಂಬಿ ಲೆಕ್ಕ ಹಾಕಿದವನ ಲೆಕ್ಕ ಕಾರು ಬರುವ ಮೊದಲೇ ಮೂರು ಪಟ್ಟು ಬದಲಾಯಿತು. ಜೊತೆಗೆ ಇದು ಎಲೆಕ್ಟ್ರಿಕ್ ಕಾರು, ಇದರ ಬ್ಯಾಟರಿ ವಾರಂಟಿ ಮೊದಲ ಮಾಲೀಕನಿಗೆ ಜೀವಮಾನ ಪೂರ್ತಿ, ಕೈ ಬದಲಾದರೆ 10 ವರ್ಷ ಅಥವಾ 2 ಲಕ್ಷ ಕಿಲೋಮೀಟರ್. ಹದಿನೈದು ವರ್ಷ ಬಿಟ್ಟು ಇದನ್ನು ಸಂಗ್ರಹಕ್ಕೆ ಕೊಳ್ಳುವವನು ಬ್ಯಾಟ್‌ಮ್ಯಾನ್ ಗುರುತಿಗಿಂತ ಮೊದಲು ಬ್ಯಾಟರಿಯ ಬಗ್ಗೆಯೇ ಕೇಳುತ್ತಾನೆ.

ಕೆಲವು ಎಡಿಷನ್‌ಗಳು ನೇರವಾಗಿ ಸ್ಟಾಕ್ ಖಾಲಿ ಮಾಡುವ ದಾರಿ. ಮಾರುತಿ ಜಿಮ್ನಿ 2023ರ ಜೂನ್‌ನಲ್ಲಿ 12.74 ಲಕ್ಷದಿಂದ ಶುರುವಾಯಿತು. ಅದೇ ವರ್ಷದ ಕೊನೆಗೆ ಥಂಡರ್ ಎಡಿಷನ್ ಬಂತು, ಶುರುವಿನ ಬೆಲೆ 10.74 ಲಕ್ಷ. ಅಂದರೆ ಹೊಸ ಸ್ಟಿಕ್ಕರ್ ಹಾಕಿ ಎರಡು ಲಕ್ಷ ಇಳಿಸಿದರು. ಆರು ತಿಂಗಳ ಹಿಂದೆ ಪೂರ್ತಿ ಬೆಲೆ ಕೊಟ್ಟು ತಂದವರ ಕಾರಿನ ಮರುಮಾರಾಟದ ಬೆಲೆ ಆವತ್ತೇ ಕೆಳಗೆ ಬಿತ್ತು, ಎಡಿಷನ್ ಕೊಂಡವರಿಗೂ ವಿಶೇಷವಾಗಿ ಏನೂ ಸಿಗಲಿಲ್ಲ, ಕಡಿಮೆಗೆ ಕಾರು ಸಿಕ್ಕಿತು ಅಷ್ಟೆ. ಹಾಗಾಗಿ ಶೋರೂಮಿನಲ್ಲಿ ಎಡಿಷನ್ ಕಂಡರೆ ಮೊದಲು ಕೇಳಬೇಕಾದದ್ದು ಇದು: ಈ ಕಾರು ಚೆನ್ನಾಗಿ ಹೋಗುತ್ತಿದೆಯೇ, ಇಲ್ಲ ನಿಂತುಬಿಟ್ಟಿದೆಯೇ?

ಎರಡು ಪೋಲೋ, ಎರಡು ಪಾಠ

ಪುಣೆಯಲ್ಲಿರುವ ನಮಗೆ ಫೋಕ್ಸ್‌ವ್ಯಾಗನ್ ಪೋಲೋ ಅಂದರೆ ಮನೆಯ ಕಾರು. ಪುಣೆ ಪಕ್ಕದ ಚಾಕಣ್ ಫ್ಯಾಕ್ಟರಿಯಲ್ಲಿ ತಯಾರಾದ ಮೊದಲ ಫೋಕ್ಸ್‌ವ್ಯಾಗನ್ ಅದೇ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಬಂದು ಆ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮವರು ಎಷ್ಟೋ ಜನ. 2022ರಲ್ಲಿ ಪೋಲೋ ನಿಲ್ಲಿಸುವಾಗ ಕಂಪನಿ ಲೆಜೆಂಡ್ ಎಡಿಷನ್ ಎಂದು 700 ಕಾರು ಮಾಡಿತು, ಬೆಲೆ 10.25 ಲಕ್ಷ ಎಕ್ಸ್‌ಶೋರೂಮ್, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದೆ. ಒಳಗೆ ಮಾಮೂಲಿ ಜಿಟಿ ಟಿಎಸ್‌ಐ ವೇರಿಯಂಟಿನ ಅದೇ 1.0 ಲೀಟರ್ ಟರ್ಬೊ ಎಂಜಿನ್, ಅದೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹೊರಗೆ ಹೆಸರು, ಒಂದೆರಡು ಪಟ್ಟೆ. ಇವತ್ತು ಒಳ್ಳೆಯ ಪೋಲೋ ಟಿಎಸ್‌ಐ ಆಟೊಮ್ಯಾಟಿಕ್‌ಗೆ ಗಿರಾಕಿ ಇದ್ದಾರೆ, ಯಾಕೆಂದರೆ ಆ ಓಟ, ಆ ಗಟ್ಟಿ ಬಾಗಿಲು ಇರುವ ಸಣ್ಣ ಕಾರು ಈಗ ಹೊಸದಾಗಿ ಸಿಗುವುದಿಲ್ಲ. ಆ ಬೆಲೆ ಲೆಜೆಂಡ್‌ಗೂ ಸಿಗುತ್ತದೆ, ಪಕ್ಕದ ಮಾಮೂಲಿ ಜಿಟಿಗೂ ಸಿಗುತ್ತದೆ. ಎರಡರಲ್ಲಿ ನಾನು ಕೊಳ್ಳುವುದಾದರೆ ಕಡಿಮೆ ಓಡಿರುವ, ಸರ್ವಿಸ್ ದಾಖಲೆ ಪೂರ್ತಿ ಇರುವ ಕಾರನ್ನು ಆರಿಸುತ್ತೇನೆ, ಪಟ್ಟೆ ಇದ್ದರೂ ಸರಿ ಇಲ್ಲದಿದ್ದರೂ ಸರಿ.

ಪೋಲೋ ಜಿಟಿಐ ಕಥೆ ಬೇರೆ. ಅದು ಚಾಕಣ್‌ದಲ್ಲ, ಹೊರಗಿನಿಂದ ಪೂರ್ತಿ ಆಮದಾದದ್ದು. 2016ರ ಕೊನೆಗೆ 99 ಕಾರು ಮಾತ್ರ ಎಂದು ತಂದರು, 1.8 ಲೀಟರ್ ಟರ್ಬೊ, 192 ಅಶ್ವಶಕ್ತಿ, ಪಕ್ಕದ ಬಾಗಿಲು ಒಟ್ಟು ಎರಡೇ. ಬೆಲೆ ಹತ್ತಿರ ಹತ್ತಿರ 26 ಲಕ್ಷ. ಬರೀ 99 ಕಾರು, ಅವೂ ಹೋಗಲಿಲ್ಲ. ಒಂದು ವರ್ಷದೊಳಗೆ ಬೆಲೆಯನ್ನು ಸುಮಾರು 20 ಲಕ್ಷಕ್ಕೆ ಇಳಿಸಬೇಕಾಯಿತು. ಮೊದಲು ಕೊಂಡವನಿಗೆ ಆರು ಲಕ್ಷ ಹಾಗೇ ಹೋಯಿತು. ಆದರೆ ನಿಜವಾದ ಎಂಜಿನ್ ಇರುವ ಕಾರಾದ್ದರಿಂದ ಕಾಲ ಕಳೆದಂತೆ ಅದನ್ನು ಹುಡುಕಿಕೊಂಡು ಹೋಗುವವರು ಹುಟ್ಟಿಕೊಂಡರು. 20 ಲಕ್ಷಕ್ಕೆ ಕೊಂಡವನು ಗೆದ್ದ, 26ಕ್ಕೆ ಕೊಂಡವನು ಅದೇ ಕಾರಿನಲ್ಲಿ ಸೋತ. ಎಷ್ಟಕ್ಕೆ ಕೊಂಡಿರಿ ಎಂಬುದು ಏನು ಕೊಂಡಿರಿ ಎಂಬಷ್ಟೇ ಮುಖ್ಯ.

ಈ ಎರಡೂ ಪಾಠ ಒಟ್ಟಿಗೆ ಸಿಗುವುದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಿ. 2017ರಲ್ಲಿ ಆರ್‌ಎಸ್ 230 ಬಂತು, 500 ಕಾರು, 24.62 ಲಕ್ಷ. 2020ರಲ್ಲಿ ಆರ್‌ಎಸ್ 245, 200 ಕಾರು, 35.99 ಲಕ್ಷ. 2025ರಲ್ಲಿ ಮತ್ತೆ 100 ಕಾರು, 49.99 ಲಕ್ಷ, ಬುಕಿಂಗ್ ತೆರೆದ ಕೂಡಲೇ ಮುಗಿಯಿತು. ಪ್ರತಿ ಸಲವೂ ಖಾಲಿ. ಕಾರಣ ಸರಳ: ಮನೆಯವರೆಲ್ಲ ಕೂರಬಹುದು, ದೊಡ್ಡ ಡಿಕ್ಕಿ ಇದೆ, ಎಕ್ಸ್‌ಪ್ರೆಸ್‌ವೇಯಲ್ಲಿ ಜರ್ಮನ್ ದೊಡ್ಡ ಕಾರುಗಳ ಜೊತೆ ಓಡುತ್ತದೆ, ಅದರ ಅರ್ಧ ಬೆಲೆಗೆ. ಆ ಎಂಜಿನ್, ಆ ಸಸ್ಪೆನ್ಷನ್ ಮಾಮೂಲಿ ಆಕ್ಟೇವಿಯಾಕ್ಕೆ ಹೊರಗೆ ಹಾಕಿಸಿಕೊಳ್ಳುವ ವಸ್ತು ಅಲ್ಲ. ಇನ್ನೊಂದು ವಿಷಯ, ಹೊಸ ಆರ್‌ಎಸ್ ಬೆಲೆ 50 ಲಕ್ಷಕ್ಕೆ ಏರಿದಾಗ ಹಳೆಯ ಆರ್‌ಎಸ್‌ಗೂ ಕೆಳಗಿನಿಂದ ಆಧಾರ ಸಿಗುತ್ತದೆ. ಹೊಸದು ಕೈಗೆಟುಕದವನು ಹಳೆಯದಕ್ಕೆ ಬರುತ್ತಾನೆ. ಒಳ್ಳೆಯ ಕಾರುಗಳ ಬೆಲೆ ನಿಲ್ಲುವುದರಲ್ಲಿ ಈ ಕಾರಣಕ್ಕೆ ದೊಡ್ಡ ಪಾಲಿದೆ, ಜನ ಇದನ್ನು ಗಮನಿಸುವುದು ಕಡಿಮೆ.

ಇಂಥ ಕಾರುಗಳು ಇಷ್ಟಿಷ್ಟೇ ಏಕೆ ಬರುತ್ತವೆ ಅಂತ ಕೇಳಬಹುದು. ಯಾವ ಕಾರನ್ನಾದರೂ ಭಾರತದಲ್ಲಿ ಮಾರಬೇಕಾದರೆ ಪುಣೆಯ ಎಆರ್‌ಎಐ ತರದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು, ಅದಕ್ಕೆ ಸಮಯ, ಹಣ ಎರಡೂ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಹೊರದೇಶದ ಮಾನದಂಡದಲ್ಲಿ ಪಾಸಾದ ಕಾರುಗಳನ್ನು ಒಂದು ಕಂಪನಿ ವರ್ಷಕ್ಕೆ 2,500ರವರೆಗೆ ಇಲ್ಲಿ ಮತ್ತೆ ಪರೀಕ್ಷೆ ಇಲ್ಲದೆ ತರಬಹುದು ಎಂದಿತು. ಆದ್ದರಿಂದ ನೂರು, ನೂರೈವತ್ತು ಎಂಬ ಸಂಖ್ಯೆ ಎಷ್ಟೋ ಸಲ ಆಮದಿನ ಒಂದು ಕಂತಿನ ಲೆಕ್ಕ. 2025ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲ ಕಂತು 150 ಕಾರು, ಸುಮಾರು 53 ಲಕ್ಷ. ಮುಂದಿನ ಕಂತು ತರಲು ಕಂಪನಿಗೆ ಯಾವ ಅಡ್ಡಿಯೂ ಇಲ್ಲ. ಇನ್ನು ಬರುವುದೇ ಇಲ್ಲ ಎಂದು ಗ್ಯಾರಂಟಿ ಇರುವುದು ಆ ತಲೆಮಾರಿನ ಕಾರು ಕಾರ್ಖಾನೆಯಲ್ಲೇ ನಿಂತುಹೋದಾಗ ಮಾತ್ರ.

ಮಹೀಂದ್ರಾ ಥಾರ್ 700 ಹೀಗೆ ನಿಂತುಹೋದ ಕಾರು. 2019ರಲ್ಲಿ ಹಳೆಯ ಥಾರ್ ಕೊನೆಯಾಗುವಾಗ ಕೊನೆಯ 700 ಕಾರಿಗೆ ಆನಂದ್ ಮಹೀಂದ್ರಾ ಸಹಿಯ ಬ್ಯಾಡ್ಜ್ ಹಾಕಿ 9.99 ಲಕ್ಷಕ್ಕೆ ಮಾರಿದರು. ಮುಂದಿನ ವರ್ಷ ಬಂದ ಹೊಸ ಥಾರ್ ಎಲ್ಲದರಲ್ಲೂ ಸುಖದ ಕಾರು. ಹೀಗಾಗಿ ಹಳೆಯದನ್ನು ಕೇಳುವವರು ಎಂದರೆ ಆ ಹಳೆಯ ಜೀಪಿನ ಗುಣವೇ ಬೇಕೆನ್ನುವವರು. ಅವರು ಇದ್ದಾರೆ, ಗೋವಾದಿಂದ ಬೆಳಗಾವಿವರೆಗೆ ಘಟ್ಟ, ಕಾಡು ದಾರಿ ಹತ್ತುವವರಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅವರಿಗೆ ಬೇಕಾದದ್ದು ತುಕ್ಕು ಹಿಡಿಯದ ಚಾಸಿ, ಸರಿಯಾದ ಎಂಜಿನ್. ಸಹಿಯ ಬ್ಯಾಡ್ಜ್ ಆಮೇಲೆ. ಹೊಸ ಥಾರ್‌ನ ಮೊದಲ ಕಾರು 2020ರಲ್ಲಿ ಹರಾಜಿನಲ್ಲಿ 1.11 ಕೋಟಿಗೆ ಹೋಯಿತಲ್ಲ ಎಂದು ಕೇಳುವವರಿದ್ದಾರೆ. ಆ ಹಣ ಸಮಾಜಸೇವೆಗೆ ಹೋಗಿದ್ದು, ಅದನ್ನು ಥಾರ್‌ನ ಮಾರುಕಟ್ಟೆ ಬೆಲೆ ಎಂದು ಓದಬಾರದು.

ಬೆಲೆ ನಿಂತರೂ ಹಣ ಹೋಗುವುದು ಹೇಗೆ

ಈಗ ಲೆಕ್ಕಕ್ಕೆ ಬರೋಣ. ಆರ್‌ಎಸ್ 245 ಅನ್ನೇ ತೆಗೆದುಕೊಳ್ಳಿ, 35.99 ಲಕ್ಷ ಎಕ್ಸ್‌ಶೋರೂಮ್. ಮಹಾರಾಷ್ಟ್ರದಲ್ಲಿ ಆಮದು ಕಾರಿಗೆ ರೋಡ್ ಟ್ಯಾಕ್ಸ್ 20%, ಅಂದರೆ 7.2 ಲಕ್ಷ. ಇನ್ಶೂರೆನ್ಸ್ ಬಿಟ್ಟೇ 43 ಲಕ್ಷ ಆಯಿತು. ಐದು ವರ್ಷ ಬಿಟ್ಟು ಯಾರೋ 36 ಲಕ್ಷ ಕೊಟ್ಟು ಕೊಂಡರು ಅಂದುಕೊಳ್ಳಿ. "ನನ್ನ ಕಾರು ಕೊಂಡ ಬೆಲೆಗೇ ಹೋಯಿತು" ಎಂದು ಎಲ್ಲರೆದುರು ಹೇಳಬಹುದು. ಕೈಯಿಂದ ಹೋದದ್ದು 43, ಬಂದದ್ದು 36, ಏಳು ಲಕ್ಷ ಟ್ಯಾಕ್ಸ್‌ನಲ್ಲೇ ಕರಗಿತು, ಅದರ ಮೇಲೆ ಐದು ವರ್ಷದ ಇನ್ಶೂರೆನ್ಸ್, ಸರ್ವಿಸ್, ಟೈರು. ಅದೇ 43 ಲಕ್ಷವನ್ನು ವರ್ಷಕ್ಕೆ 7% ಬಡ್ಡಿಯಲ್ಲಿ ಇಟ್ಟಿದ್ದರೆ ಐದು ವರ್ಷಕ್ಕೆ ಸುಮಾರು 60 ಲಕ್ಷ ಆಗುತ್ತಿತ್ತು. ಸಾಲ ತೆಗೆದು ಕೊಂಡಿದ್ದರೆ ಬಡ್ಡಿ ನಾವೇ ಕಟ್ಟಿರುತ್ತೇವೆ. ಹಾಗಂತ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ಮಾಮೂಲಿ 36 ಲಕ್ಷದ ಕಾರು ಐದು ವರ್ಷಕ್ಕೆ ಅರ್ಧ ಬೆಲೆಗೆ ಇಳಿಯಬಹುದು, ಅದಕ್ಕೆ ಹೋಲಿಸಿದರೆ ಇದು ಎಷ್ಟೋ ಮೇಲು. ಕಡಿಮೆ ನಷ್ಟದಲ್ಲಿ ಒಳ್ಳೆಯ ಕಾರು ಓಡಿಸಿದ ಹಾಗಾಯಿತು. ಹೂಡಿಕೆ ಎಂಬ ಮಾತನ್ನು ಮಾತ್ರ ನಂಬಬೇಡಿ.

ಇನ್ಶೂರೆನ್ಸ್ ಬಗ್ಗೆ ಇಲ್ಲಿ ನಿಂತು ಹೇಳಲೇಬೇಕು, ಯಾಕೆಂದರೆ ಮುಂಬೈನವರಿಗೆ ಇದು ದೊಡ್ಡ ವಿಷಯ. ಇನ್ಶೂರೆನ್ಸ್ ಕಂಪನಿ ಕಾರಿನ ಬೆಲೆಯನ್ನು, ಅಂದರೆ ಐಡಿವಿಯನ್ನು, ಒಂದು ಪಟ್ಟಿ ನೋಡಿ ಕಟ್ಟುತ್ತದೆ. ಕಂಪನಿಯ ಪಟ್ಟಿ ಬೆಲೆಯಿಂದ ಆರು ತಿಂಗಳವರೆಗೆ 5% ಕಳೆಯುತ್ತಾರೆ, ಒಂದು ವರ್ಷದವರೆಗೆ 15%, ಎರಡರವರೆಗೆ 20%, ಮೂರರವರೆಗೆ 30%, ನಾಲ್ಕರವರೆಗೆ 40%, ಐದರವರೆಗೆ 50%. ಐದು ದಾಟಿದ ಮೇಲೆ ನೀವು ಮತ್ತು ಕಂಪನಿ ಮಾತಾಡಿ ಒಪ್ಪಿಕೊಂಡಷ್ಟು. ಈ ಪಟ್ಟಿಗೆ ಅಪರೂಪದ ಕಾರು, ಮಾಮೂಲಿ ಕಾರು ಎಲ್ಲ ಒಂದೇ. ಮಾರುಕಟ್ಟೆಯಲ್ಲಿ 34 ಲಕ್ಷ ಸಿಗುವ ನಾಲ್ಕು ವರ್ಷದ ಆರ್‌ಎಸ್‌ಗೆ ಪಟ್ಟಿಯ ಪ್ರಕಾರ ಸುಮಾರು 21.6 ಲಕ್ಷ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಎಷ್ಟು ಕಾರು ಮುಳುಗಿದವು ಎಂಬುದು ಆಗ ಮುಂಬೈನಲ್ಲಿದ್ದವರಿಗೆ ಗೊತ್ತು. ಅಂಥ ದಿನ ಕಾರು ಪೂರ್ತಿ ಹೋದರೆ ಕೈಗೆ ಬರುವುದು ಆ ಸಣ್ಣ ಮೊತ್ತ. ಹೊಸ ಕಾರಿಗೆ ಮೊದಲ ಕೆಲವು ವರ್ಷ ರಿಟರ್ನ್ ಟು ಇನ್ವಾಯ್ಸ್ ಎಂಬ ಆಡ್‌ಆನ್ ಸಿಗುತ್ತದೆ, ಕಾರು ಪೂರ್ತಿ ಹೋದರೆ ಇನ್ವಾಯ್ಸ್ ಬೆಲೆಯನ್ನೇ ಕೊಡುವ ಆಡ್‌ಆನ್ ಅದು, ಅಪರೂಪದ ಕಾರು ಇಟ್ಟುಕೊಂಡವರು ಅದನ್ನು ಬಿಡಬಾರದು. ಐದು ವರ್ಷ ದಾಟಿದ ಮೇಲೆ ಬೆಲೆಯನ್ನು ಸುಮ್ನೆ ಒಪ್ಪಿಕೊಳ್ಳದೆ ಮಾತಾಡಿ ಏರಿಸಿಕೊಳ್ಳಬೇಕು.

ಓಡಿಸದೆ ಇಟ್ಟರೆ ಬೆಲೆ ಉಳಿಯುತ್ತದೆ ಎಂಬ ನಂಬಿಕೆಯೂ ಇದೆ. ಮೀಟರ್ ಕಡಿಮೆ ಇದ್ದರೆ ಬೆಲೆ ಜಾಸ್ತಿ, ನಿಜ. ಆದರೆ ನಿಂತ ಕಾರು ಹಾಳಾಗುತ್ತದೆ, ನಮ್ಮ ಕರಾವಳಿ ಹವೆಯಲ್ಲಿ ಇನ್ನೂ ಬೇಗ. ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲ್‌ಗಳು ಒಣಗುತ್ತವೆ, ಬ್ರೇಕ್ ಡಿಸ್ಕ್‌ಗೆ ತುಕ್ಕು, ಮಳೆಗಾಲದಲ್ಲಿ ಸೀಟಿಗೆ ಬೂಷ್ಟು. ಟೈರು ಓಡದಿದ್ದರೂ ವಯಸ್ಸಾಗುತ್ತದೆ. ಗೋವಾದಲ್ಲಿ ಸಮುದ್ರದ ಪಕ್ಕ ಮನೆಯಿದ್ದರೆ ಉಪ್ಪು ಗಾಳಿ ಚಾಸಿಯ ಅಡಿಯಿಂದ ತಿನ್ನುತ್ತದೆ, ಮೇಲಿನ ಬಣ್ಣ ಫಳಫಳ ಹೊಳೆಯುತ್ತಲೇ ಇರುತ್ತದೆ. ಇಲ್ಲಿನ ಕಾರು ಕೊಳ್ಳುವಾಗ ಲಿಫ್ಟ್ ಮೇಲೆ ಎತ್ತಿಸಿ ಅಡಿಭಾಗ ನೋಡದೆ ಮುಂಗಡ ಕೊಡಬೇಡಿ. ಬಿಡಿಭಾಗದ ವಿಷಯವೂ ಇದೆ: ಫಿಯೆಟ್ ರಂಜನ್‌ಗಾಂವ್‌ನಲ್ಲಿ ಮಾಡಿದ 145 ಅಶ್ವಶಕ್ತಿಯ ಅಬಾರ್ಥ್ ಪುಂಟೊ ಇವತ್ತಿಗೂ ಪ್ರೀತಿಸುವವರಿರುವ ಕಾರು, ಆದರೆ ಫಿಯೆಟ್ ಹೆಸರಿನ ಕಾರೇ ಇಲ್ಲಿಂದ ಹೋಗಿಬಿಟ್ಟಿತು. ಅದನ್ನು ಕೊಳ್ಳುವವನು ಬಂಪರ್, ಸೆನ್ಸರ್ ಎಲ್ಲಿ ಸಿಗುತ್ತವೆ ಎಂದು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಆ ಚಿಂತೆಯೂ ಬೆಲೆಯಲ್ಲಿ ಕಳೆಯುತ್ತದೆ.

ಸರ್ಕಾರ ಬೆಲೆಯನ್ನು ಒಂದೇ ದಿನದಲ್ಲಿ ಅಲ್ಲಾಡಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿಯಿತು, ದೊಡ್ಡವಕ್ಕೆ ಸೆಸ್ ತೆಗೆದು 40% ಮಾಡಿದರು. ನೆಕ್ಸಾನ್ ತರದ ಕಾರಿನ ಬೆಲೆ 1.55 ಲಕ್ಷದವರೆಗೆ ಕಡಿಮೆಯಾಯಿತು. ಹಿಂದಿನ ತಿಂಗಳು ಐವತ್ತು ಸಾವಿರ ಜಾಸ್ತಿ ಕೊಟ್ಟು ಎಡಿಷನ್ ತಂದವನಿಗೆ ಆ ಐವತ್ತು ಸಾವಿರದ ಮಾತೇ ಉಳಿಯಲಿಲ್ಲ. ಇನ್ನು 15 ವರ್ಷ ದಾಟಿದರೆ ಆರ್‌ಸಿ ನವೀಕರಿಸಬೇಕು. 20 ವರ್ಷ ಮೇಲ್ಪಟ್ಟ ಕಾರಿಗೆ ಈಗ ಶುಲ್ಕ 10,000, ಆಮದು ಕಾರಾದರೆ 80,000. ವಿಂಟೇಜ್ ಎಂದು ಬೇರೆ ನೋಂದಣಿ ಸಿಗುವುದು 50 ವರ್ಷ ದಾಟಿದ ಮೇಲೆ. ನಡುವಿನ ಮೂವತ್ತೈದು ವರ್ಷ ನಿಮ್ಮ ಅಪರೂಪದ ಕಾರು ಸರ್ಕಾರದ ಕಣ್ಣಿಗೆ ಬರೀ ಹಳೆಯ ಕಾರು. ಒಂದು ಸಮಾಧಾನ ಇದೆ: ಸ್ವಂತ ಬಳಕೆಯ ಕಾರು ಆದಾಯ ತೆರಿಗೆಯಲ್ಲಿ ವೈಯಕ್ತಿಕ ವಸ್ತು, ಲಾಭಕ್ಕೆ ಮಾರಿದರೂ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ. ಮೇಲಿಂದ ಮೇಲೆ ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡರೆ ಮಾತ್ರ ಅದು ವ್ಯಾಪಾರದ ಆದಾಯ.

ನಮ್ಮವರಿಗೆ ಇನ್ನೊಂದು ಗಂಟು ಇದೆ. ಪುಣೆಯಲ್ಲಿ ಇಲ್ಲಿಯ ಎಂಎಚ್ 12 ನಂಬರಿನ ಕಾರು ಕೊಂಡು ಊರಿಗೆ, ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ಯುವ ಯೋಚನೆ ಬಹಳ ಜನರಿಗೆ ಇರುತ್ತದೆ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಅಲ್ಲಿ ಇಡುವುದಾದರೆ ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತಂದು ಕರ್ನಾಟಕದ ನಂಬರ್ ಮಾಡಿಸಬೇಕು, ಕಾರಿನ ವಯಸ್ಸಿಗೆ ತಕ್ಕಂತೆ ಅಲ್ಲಿಯ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಭಾಗ ವಾಪಸ್ ಪಡೆಯಲು ಮಹಾರಾಷ್ಟ್ರದ ಆರ್‌ಟಿಒಗೆ ಅರ್ಜಿ ಹಾಕಬೇಕು. ಕಾರು ದುಬಾರಿಯಾದಷ್ಟೂ ಈ ಟ್ಯಾಕ್ಸ್ ದುಬಾರಿ. ಆದ್ದರಿಂದ ಬೆಂಗಳೂರಿನಿಂದ ಫೋನ್ ಮಾಡುವ ಗಿರಾಕಿ ಆ ಮೊತ್ತವನ್ನು ನಿಮ್ಮ ಬೆಲೆಯಿಂದ ಕಳೆದೇ ಮಾತು ಶುರು ಮಾಡುತ್ತಾನೆ. ಅಪರೂಪದ ಕಾರಿಗೆ ಗಿರಾಕಿ ಇಡೀ ದೇಶದಲ್ಲಿ ಚದುರಿಕೊಂಡಿರುತ್ತಾರೆ, ಹೀಗಾಗಿ ಈ ಕಳೆಯುವ ಲೆಕ್ಕ ಮಾಮೂಲಿ ಕಾರಿಗಿಂತ ಇವುಗಳಿಗೇ ಜಾಸ್ತಿ ತಟ್ಟುತ್ತದೆ.

ಕಂಪನಿಯ ಮುಂದಿನ ಹೆಜ್ಜೆಯೂ ಬೆಲೆಯನ್ನು ಕೆಡವಬಹುದು. ಪೋರ್ಶೆ 2016ರಲ್ಲಿ 911 ಆರ್ ಎಂದು 991 ಕಾರು ಮಾಡಿತು. ಆಗ ಅವರ ರೇಸಿಂಗ್ ಗುಣದ 911 ಜಿಟಿ3ಗೆ ಮ್ಯಾನ್ಯುಅಲ್ ಗೇರ್ ಸಿಗುತ್ತಿರಲಿಲ್ಲ, ಇದರಲ್ಲಿ ಸಿಗುತ್ತಿತ್ತು. ಅಮೆರಿಕದಲ್ಲಿ ಸುಮಾರು 1.85 ಲಕ್ಷ ಡಾಲರ್‌ನ ಕಾರನ್ನು ಹತ್ತು ಲಕ್ಷ ಡಾಲರ್‌ವರೆಗೂ ಕೇಳಿದರು. ಮುಂದಿನ ವರ್ಷ ಪೋರ್ಶೆ ಮ್ಯಾನ್ಯುಅಲ್ ಗೇರಿನ ಜಿಟಿ3 ಟೂರಿಂಗ್ ತಂದಿತು, ಅದಕ್ಕೆ ಸಂಖ್ಯೆಯ ಮಿತಿಯೂ ಇರಲಿಲ್ಲ. 911 ಆರ್ ಬೆಲೆ ಇಳಿಯತೊಡಗಿತು. ಇವತ್ತಿಗೂ ಅದು ಮೂಲ ಬೆಲೆಗಿಂತ ಮೇಲೆಯೇ ಇದೆ, ಆದರೆ ಆ ತುದಿಯಲ್ಲಿ ಕೊಂಡವರಿಗೆ ಹೊಡೆತ ಬಿತ್ತು. ಬೇಗ ಮಾರುವವರನ್ನು ತಡೆಯಲು ಕೆಲವು ಕಂಪನಿಗಳು ಒಪ್ಪಂದವನ್ನೇ ಬರೆಸಿಕೊಳ್ಳುತ್ತವೆ. ಫೋರ್ಡ್ ಜಿಟಿ ಕೊಂಡವರು ಎರಡು ವರ್ಷ ಮಾರುವಂತಿರಲಿಲ್ಲ, ಮೊದಲೇ ಮಾರಿದ್ದಕ್ಕೆ ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ಕೇಸ್ ಹಾಕಿದರು, ಮುಂದಿನ ವರ್ಷ ರಾಜಿಯಾಯಿತು.

ಇಷ್ಟು ತಿಳಿದೂ ಸೆಕೆಂಡ್ ಹ್ಯಾಂಡ್ ಎಡಿಷನ್ ಕಾರೇ ಬೇಕು ಅನ್ನುವವರಿಗೆ ಒಂದು ಮಾತು ಹೇಳಲೇಬೇಕು. ಕುರ್ಲಾದ ಸಿಎಸ್‌ಟಿ ರೋಡ್, ಪುಣೆಯ ನಾನಾ ಪೇಠ್ ಕಡೆ ಹೋದರೆ ಬ್ಯಾಡ್ಜ್, ಸ್ಟಿಕ್ಕರ್, ಗ್ರಿಲ್ ಯಾವುದಕ್ಕೂ ಬರ ಇಲ್ಲ, ಮಾಮೂಲಿ ಕಾರಿಗೆ ಎಡಿಷನ್ ವೇಷ ಹಾಕಿಸುವುದು ಅರ್ಧ ದಿನದ ಕೆಲಸ. ಹೊರಗಿನ ಹೆಸರನ್ನು ನಂಬಬೇಡಿ. ಮೊದಲ ಇನ್ವಾಯ್ಸ್‌ನಲ್ಲಿ ವೇರಿಯಂಟ್ ಹೆಸರು ಏನಿದೆ ನೋಡಿ. ಆರ್‌ಸಿಯ ಬಣ್ಣ ಕಾರಿನ ಬಣ್ಣಕ್ಕೆ ಹೊಂದುತ್ತದೆಯೇ ನೋಡಿ. ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಅದು ಯಾವ ವೇರಿಯಂಟಾಗಿ ಹೊರಬಂದಿತ್ತು, ಏನೇನು ಕೆಲಸ ಆಗಿದೆ ಎಂದು ಕೇಳಿ. ಮಾರುವವರಾದರೆ ಇದೇ ಕಾಗದಗಳನ್ನು, ಎರಡೂ ಕೀಗಳನ್ನು, ಬದಲಾಯಿಸಿದ್ದರೆ ಮೂಲ ಅಲಾಯ್ ವೀಲ್‌ಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿಡಿ. ಗಿರಾಕಿ ಬಂದಾಗ ಟೇಬಲ್ ಮೇಲೆ ಇವೆಲ್ಲ ಇದ್ದರೆ ಬೆಲೆಯ ಮಾತು ನಿಮ್ಮ ಕಡೆಯಿಂದ ಶುರುವಾಗುತ್ತದೆ.